ಅಪ್ಪನ ನರ್ಸರಿ, ಮಕ್ಕಳ ಪಾಲು

ಕೃಷ್ಣೆ ಮತ್ತು ತುಂಗಭದ್ರೆಯರ ನಡುವಣ ಈ ಎಡೆದೊರೆ ನಾಡಿನಲ್ಲಿ ಬೇಸಿಗೆಯೆಂದರೆ ಏನೆಂಬುದನ್ನು ಓದುಗರಿಗೆ ಬಣ್ಣಿಸಿ ಹೇಳಬೇಕಾಗಿಲ್ಲ. ಏಪ್ರಿಲ್ ಕಳೆಯುವ ಮುನ್ನವೇ ಬಿಸಿಲು 40 ಡಿಗ್ರಿಯನ್ನು ದಾಟುತ್ತದೆ. ಎರೆಹೊಲಗಳು ಬಿರುಕುಬಿಟ್ಟು ಬಾಯ್ದೆರೆದು ಮಲಗುತ್ತವೆ. ಅಂಥ ದಿನಗಳಲ್ಲಿಯೂ ಹಸಿರು ಪರದೆಯ ನೆರಳಿನಲ್ಲಿ, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ನೀರುಣಿಸುತ್ತ, ಸಾವಿರಾರು ಎಳೆಯ ಜೀವಗಳನ್ನು ಮಿರಗದ ಮಳೆಯ ತನಕ ಉಳಿಸಿಕೊಂಡು ಬರುವ ಕಾಯಕವೊಂದಿದೆ. ಅದು ನರ್ಸರಿಯವರ ಕಾಯಕ. ಮಸರಕಲ್, ದೇವದುರ್ಗ, ಮಾನ್ವಿ ಸೀಮೆಯ ರೈತನು ಮೆಣಸಿನಕಾಯಿಯ ಅಗಿ ಬೇಕೆಂದಾಗಲಿ, ಹೊಲದ ಬದುವಿಗೆ ನಾಲ್ಕು ಮಾವಿನ ಸಸಿ ಬೇಕೆಂದಾಗಲಿ ಬಂದು ನಿಲ್ಲುವುದು ಆ ಪರದೆಯ ಬಾಗಿಲಲ್ಲಿಯೇ.

ಈ ವಾರ ನಾನು ಬರೆಯಹೊರಟಿರುವುದು ಸಸಿಗಳ ವಿಚಾರವನ್ನಲ್ಲ. ಆ ಬಾಗಿಲಲ್ಲಿ ಕುಳಿತಿರುವ ವೃದ್ಧ ತಂದೆಯು ಎದ್ದ ಮೇಲೆ ಅಲ್ಲಿ ಯಾರು ಕುಳಿತುಕೊಳ್ಳುವರು ಎಂಬ ವಿಚಾರವನ್ನು. ಹೊಲವಿದ್ದವರಿಗೂ ಅಂಗಡಿಯಿದ್ದವರಿಗೂ ಈ ಪ್ರಶ್ನೆ ಇದ್ದೇ ಇದೆ. ಆದರೆ ನರ್ಸರಿಯಲ್ಲಿ ಅದು ಬೇರೊಂದು ಬಗೆಯಲ್ಲಿ ಎದುರಾಗುತ್ತದೆ. ಅದಕ್ಕೆ ಕಾರಣ ಆ ಕಸುಬಿನ ಸ್ವರೂಪದಲ್ಲಿಯೇ ಅಡಗಿದೆ.

ಕಿರಾಣಿ ಅಂಗಡಿಯವನು ಕೆಟ್ಟ ಬೇಳೆಯನ್ನು ಮಾರಿದರೆ ಅದು ಅಂದಿನ ರಾತ್ರಿಯೇ ಬಯಲಾಗುತ್ತದೆ. ಬಟ್ಟೆಯ ಬಣ್ಣ ಮೊದಲನೆಯ ಒಗೆತದಲ್ಲಿ ಬಿಡುತ್ತದೆ. ಮಾವಿನ ಕಸಿಸಸಿಯಾದರೋ ನೆಟ್ಟು ಮೂರರಿಂದ ಐದು ವರ್ಷಗಳಾಗುವ ತನಕ ತನ್ನ ಗುಟ್ಟನ್ನು ಬಿಟ್ಟುಕೊಡದು. ಆಪೂಸು ಎಂದು ಹೇಳಿ ಕೊಟ್ಟದ್ದು ಆಪೂಸೋ ಅಲ್ಲವೋ ಎಂಬುದನ್ನು ಎಲೆಯನ್ನು ನೋಡಿ ಹೇಳಬಲ್ಲ ಪರಿಣತರು ವಿರಳ. ಸಾಮಾನ್ಯ ರೈತನಿಗೆ ಹಣ್ಣೇ ಸಾಕ್ಷಿ. ತೆಂಗಿನ ಸಸಿಯ ಸಾಕ್ಷ್ಯ ಇನ್ನೂ ತಡ. ಆ ಹೊತ್ತಿಗೆ ಮಾರಿದ ತಂದೆಯು ಹಾಸಿಗೆ ಹಿಡಿದಿರಬಹುದು, ಸಮಾಧಿಯನ್ನೂ ಸೇರಿರಬಹುದು. ಕೇಳಲು ಬರುವ ರೈತನಿಗೆ ಎದುರಾಗುವವನು ಮಗ. ಹೀಗೆ ನರ್ಸರಿಯ ಉತ್ತರಾಧಿಕಾರಿಯು ಭೂಮಿಯನ್ನೂ ಕೊಳವೆಬಾವಿಯನ್ನೂ ಪಡೆಯುವುದಲ್ಲದೆ, ಇನ್ನೂ ಹಣ್ಣು ಬಿಡದ ಸಾವಿರಾರು ಮಾತುಗಳನ್ನೂ ತಂದೆಯಿಂದ ಪಡೆಯುತ್ತಾನೆ. ಅವುಗಳಲ್ಲಿ ಎಷ್ಟು ಸತ್ಯ, ಎಷ್ಟು ಸುಳ್ಳು ಎಂಬುದು ಅವನ ಕಾಲದಲ್ಲಿಯೇ ಹೊರಬೀಳುತ್ತದೆ.

ದಾಳಿಂಬೆಯ ವೃತ್ತಾಂತವನ್ನು ನಮ್ಮ ಭಾಗದ ರೈತರು ಮರೆತಿಲ್ಲ. ಬಾಗಲಕೋಟೆ, ವಿಜಯಪುರ, ಕೊಪ್ಪಳ ಜಿಲ್ಲೆಗಳಲ್ಲಿ ದಾಳಿಂಬೆಯು ಬಂಗಾರದ ಬೆಳೆಯೆನಿಸಿಕೊಂಡಿತ್ತು. 2000ದ ನಂತರದ ವರ್ಷಗಳಲ್ಲಿ ದುಂಡಾಣು ಅಂಗಮಾರಿ ರೋಗವು ತೋಟತೋಟಗಳನ್ನೇ ನುಂಗಿತು. ಹಣ್ಣಿನ ಮೇಲೆ ಕಪ್ಪು ಚುಕ್ಕೆ, ಆ ಚುಕ್ಕೆಯಲ್ಲಿ ಸೀಳು, ಕೊನೆಗೆ ಗಿಡವನ್ನೇ ಕಿತ್ತು ಸುಡುವ ಸ್ಥಿತಿ. ರೋಗವು ಮಳೆಹನಿಗಳಿಂದ ಗಿಡದಿಂದ ಗಿಡಕ್ಕೆ ಸಿಡಿಯುವುದು ನಿಜ; ಆದರೆ ಒಂದು ಊರಿನಿಂದ ದೂರದ ಇನ್ನೊಂದು ಊರಿಗೆ ಅದನ್ನು ಹೊತ್ತೊಯ್ಯುವುದು ರೋಗಪೀಡಿತ ತಾಯಿಗಿಡದಿಂದ ತೆಗೆದ ಗೂಟಿ ಸಸಿ. ದಾಳಿಂಬೆಯನ್ನು ಬೀಜದಿಂದ ಬೆಳೆಸುವುದಿಲ್ಲವಷ್ಟೆ. ಗಿಡದಲ್ಲಿರುವಾಗಲೇ ಟೊಂಗೆಯ ತೊಗಟೆಯನ್ನು ಉಂಗುರದಂತೆ ಸುಲಿದು, ಒದ್ದೆ ಪಾಚಿಯನ್ನೋ ತೆಂಗಿನ ನಾರಿನ ಪುಡಿಯನ್ನೋ ಇಟ್ಟು, ಪ್ಲಾಸ್ಟಿಕ್ ಹಾಳೆ ಸುತ್ತಿ ಬೇರು ಬರಿಸಿ, ಆಮೇಲೆ ಕತ್ತರಿಸಿ ಚೀಲಕ್ಕಿಳಿಸುವುದೇ ಗೂಟಿ. ತಾಯಿಯಲ್ಲಿದ್ದ ಗುಣವೂ ರೋಗವೂ ಮಗುವಿಗೆ ಹಾಗೆಯೇ ಇಳಿದುಬರುತ್ತವೆ. ಬೇಡಿಕೆ ಹೆಚ್ಚಿದ ಕಾಲದಲ್ಲಿ ಯಾವ ತೋಟದ್ದೆಂದು ವಿಚಾರಿಸದೆ ಕಂಡಲ್ಲೆಲ್ಲ ಗೂಟಿ ಕಟ್ಟಿ ಮಾರಿದವರು ಹಣ ಮಾಡಿಕೊಂಡರು; ಸಾಲ ಮಾಡಿ ನೆಟ್ಟವರು ಸಾಲದಲ್ಲಿಯೇ ಉಳಿದರು. ರಾಷ್ಟ್ರೀಯ ತೋಟಗಾರಿಕಾ ಮಂಡಳಿಯು ನರ್ಸರಿಗಳಿಗೆ ಮಾನ್ಯತೆ ನೀಡುವಾಗ ತಾಯಿಗಿಡಗಳ ತಾಕಿನ ಕಡೆಗೆ ಗಮನ ಕೊಡುವುದು ಸುಮ್ಮನೆ ಅಲ್ಲ. ನರ್ಸರಿಯ ನಿಜವಾದ ಆಸ್ತಿ ರಸ್ತೆಯ ಬದಿಗೆ ಸಾಲಾಗಿ ಜೋಡಿಸಿಟ್ಟ ಚೀಲಗಳಲ್ಲ. ಹಿಂದುಗಡೆ ಯಾರ ಕಣ್ಣಿಗೂ ಬೀಳದೆ ನಿಂತಿರುವ ಆ ಹಳೆಯ ತಾಯಿಮರಗಳು.

ತೋಟವೊಂದು ತಂದೆಯಿಂದ ಮಗನಿಗೆ ದಾಟಿಬಂದ ಅತ್ಯಂತ ಪ್ರಸಿದ್ಧ ನಿದರ್ಶನ ನಮ್ಮ ನಾಡಿನ ರಾಜಧಾನಿಯಲ್ಲಿಯೇ ಇದೆ. 1760ರಲ್ಲಿ ಹೈದರ್ ಅಲಿಯು ಬೆಂಗಳೂರಿನಲ್ಲಿ ಲಾಲ್‌ಬಾಗನ್ನು ಆರಂಭಿಸಿದನು. ಮಗ ಟಿಪ್ಪುವು ಅದನ್ನು ಬೆಳೆಸಿದನು. ಹೊರದೇಶಗಳಿಂದ ಗಿಡಗಳನ್ನೂ ಬೀಜಗಳನ್ನೂ ತರಿಸಿದನು. 1788ರಲ್ಲಿ ಫ್ರಾನ್ಸಿನ ದೊರೆಯ ಬಳಿಗೆ ಹೋದ ಅವನ ರಾಯಭಾರಿಗಳು ಮುಂದಿಟ್ಟ ಬೇಡಿಕೆಗಳಲ್ಲಿ ಕುಶಲಕರ್ಮಿಗಳ ಜೊತೆಗೆ ಸಸಿ ಬೀಜಗಳೂ ಸೇರಿದ್ದವೆಂಬುದು ಸ್ವಾರಸ್ಯಕರ. ಆದರೆ ದೊರೆಗಳು ತೋಟವನ್ನು ಮಾಡಿಸುತ್ತಾರೆಯೇ ಹೊರತು ಮಾಡುವುದಿಲ್ಲ. ಮಣ್ಣಿನಲ್ಲಿ ಕೈಯಿಟ್ಟವರು ಬೇರೆ. ಆ ತೋಟದ ಉಸ್ತುವಾರಿ ಮಹಮ್ಮದ್ ಅಲಿ ಮತ್ತು ಅವನ ಮಗ ಅಬ್ದುಲ್ ಖಾದರ್ ಎಂಬವರದಾಗಿತ್ತೆಂದು ಲಾಲ್‌ಬಾಗಿನ ಚರಿತ್ರೆಯು ಹೇಳುತ್ತದೆ. ಒಂದು ಸಿಂಹಾಸನದ ನೆರಳಿನಲ್ಲಿ ಎರಡು ಪಿತ್ರಾರ್ಜಿತಗಳು ಜೊತೆಯಾಗಿ ನಡೆದಿದ್ದವು: ದೊರೆಯ ಮಗನಿಗೆ ತೋಟದ ಒಡೆತನ, ತೋಟಗಾರನ ಮಗನಿಗೆ ತೋಟದ ವಿದ್ಯೆ. ಟಿಪ್ಪು ಮಡಿದ ಮರುವರ್ಷ, ಅಂದರೆ 1800ರಲ್ಲಿ, ಬೆಂಗಳೂರಿಗೆ ಬಂದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಇಲ್ಲಿಯ ತೋಟಗಳನ್ನು ಕಂಡು ವಿವರವಾಗಿ ಬರೆದಿಟ್ಟನು. ಚೌಕಾಕಾರದ ಪಾತಿಗಳು, ನಡುವೆ ಕಾಲುದಾರಿ, ಇಕ್ಕೆಲದಲ್ಲಿ ಸೈಪ್ರೆಸ್ ಮರಗಳು, ಒಂದೊಂದು ಚೌಕಕ್ಕೆ ಒಂದೊಂದೇ ಜಾತಿಯ ಗಿಡ. ಗುಲಾಬಿಗೆ ಒಂದು ಚೌಕವಾದರೆ ದಾಳಿಂಬೆಗೆ ಇನ್ನೊಂದು. ಇದು ಅಂದಗಾರಿಕೆಯಷ್ಟೇ ಅಲ್ಲ. ಜಾತಿಗಳು ಕಲಸಿಹೋಗದಂತೆ ಬೇರೆ ಬೇರೆಯಾಗಿ ಇಡುವುದು ಇಂದಿಗೂ ಒಳ್ಳೆಯ ನರ್ಸರಿಯ ಮೊದಲ ಲಕ್ಷಣವಾಗಿದೆ.

ಲಾಲ್‌ಬಾಗಿನ ಮುಂದಿನ ಚರಿತ್ರೆಯಲ್ಲಿ ತಂದೆ ಮಕ್ಕಳಿಲ್ಲ. 1856ರಲ್ಲಿ ಅದು ಸರ್ಕಾರಿ ಸಸ್ಯೋದ್ಯಾನವಾಯಿತು. 1874ರಿಂದ ಜಾನ್ ಕ್ಯಾಮರಾನ್, 1908ರಿಂದ ಜರ್ಮನಿಯ ಕ್ರುಂಬಿಗಲ್, ಅವರ ತರುವಾಯ ಎಚ್.ಸಿ. ಜವರಾಯ, ಮುಂದೆ ಎಂ.ಎಚ್. ಮರಿಗೌಡರು. ರಕ್ತಸಂಬಂಧವಿಲ್ಲದ ಈ ಗುರುಪರಂಪರೆಯೇ ತೋಟಗಾರಿಕೆಯನ್ನು ಅರಮನೆಯ ಬೇಲಿಯಿಂದ ಹೊರಗೆ ತಂದು ಜಿಲ್ಲೆ ಜಿಲ್ಲೆಗೂ ಹಬ್ಬಿಸಿತು. ರಕ್ತಸಂಬಂಧದ ಪರಂಪರೆಯು ಉದ್ಯಾನದ ಗೋಡೆಯಾಚೆ ಉಳಿದುಕೊಂಡಿತು. ಬೆಂಗಳೂರಿನ ತಿಗಳ ಸಮುದಾಯದವರು ತಲೆಮಾರುಗಳಿಂದ ತೋಟಗಾರರು. ಲಾಲ್‌ಬಾಗಿನ ಮಗ್ಗುಲಲ್ಲಿರುವ ಸಿದ್ದಾಪುರದಲ್ಲಿ ಸಾಲುಸಾಲಾಗಿ ನರ್ಸರಿಗಳಿವೆ. ಅಜ್ಜ ಮಾಡಿದ್ದನ್ನು ಅಪ್ಪ, ಅಪ್ಪ ಮಾಡಿದ್ದನ್ನು ಮಗ ನಡೆಸಿಕೊಂಡು ಬಂದವುಗಳು. ಸುತ್ತಲಿನ ಗುಂಟೆಯ ಬೆಲೆ ಮುಗಿಲು ಮುಟ್ಟಿರುವಾಗ ಹೂಕುಂಡಗಳನ್ನಿಟ್ಟುಕೊಂಡು ಕೂರುವುದು ಎಂಥ ಪ್ರಲೋಭನೆಯನ್ನು ಗೆಲ್ಲುವ ಕೆಲಸವೆಂಬುದನ್ನು ಬಲ್ಲವರೇ ಬಲ್ಲರು. ಬೆಂಗಳೂರಿನ ಎಷ್ಟೋ ತಿಗಳರ ತೋಟಗಳು ಬಡಾವಣೆಗಳಾಗಿ ಹೋಗಿವೆ. ಇಸ್ರಯೇಲಿನ ದೊರೆ ಅಹಾಬನಿಗೆ ತನ್ನ ಪಿತ್ರಾರ್ಜಿತ ದ್ರಾಕ್ಷಿತೋಟವನ್ನು ಕೊಡಲೊಪ್ಪದೆ ಪ್ರಾಣತೆತ್ತ ನಾಬೋತನ ಕಥೆಯನ್ನು ನಾವು ಪೀಠದಿಂದ ಬೋಧಿಸುತ್ತೇವೆ. ನಾಬೋತನಿಗೆ ನಾಲ್ವರು ಗಂಡುಮಕ್ಕಳಿದ್ದು, ಮೂವರು ಮಾರಿಬಿಡೋಣ ಎಂದಿದ್ದರೆ ಏನಾಗುತ್ತಿತ್ತೆಂದು ಯಾವ ಬೋಧಕನೂ ಹೇಳಿದ್ದನ್ನು ನಾನು ಕೇಳಿಲ್ಲ.

ಈಗ ನಮ್ಮ ಸೀಮೆಗೆ ಮರಳೋಣ. ಓದುಗರು ಒಂದು ಮನೆಯನ್ನು ಕಲ್ಪಿಸಿಕೊಳ್ಳಲಿ. ಊರಿನ ಹೊರಗೆ, ಡಾಂಬರು ರಸ್ತೆಗೆ ಹತ್ತಿಕೊಂಡು 36 ಗುಂಟೆ ಮಸಾರಿ ಭೂಮಿ. ಎಪ್ಪತ್ತರ ಹತ್ತಿರದ ತಂದೆ. ಹಿರಿಯ ಮಗ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾನೆ. ಕಿರಿಯವನು ಟಂಟಂ ಗಾಡಿಯಲ್ಲಿ ಸಸಿಗಳನ್ನು ಹೇರಿಕೊಂಡು ಊರೂರಿಗೆ ಮುಟ್ಟಿಸುತ್ತಾನೆ. ನಡುವಿನವಳು ಮಗಳು, ಹತ್ತಿರದ ಹಳ್ಳಿಗೆ ಕೊಟ್ಟಿದೆ, ಆದರೆ ಕಸಿ ಕಟ್ಟುವ ಹಂಗಾಮಿನಲ್ಲಿ ಅವಳಿಲ್ಲದೆ ನಡೆಯುವುದಿಲ್ಲ. ಇಂಥ ಮನೆ ನಿಮ್ಮ ಧರ್ಮಕೇಂದ್ರದಲ್ಲಿಯೂ ಒಂದಿರಬಹುದು, ಕಸುಬು ಬೇರೆಯಿರಬಹುದು.

ತಂದೆಗೆ ಕಸುಬನ್ನು ಬಿಡಲು ಮನಸ್ಸಿಲ್ಲ. ಮಗನಿಗೆ ನಲವತ್ತಾಗಿದೆ, ಚೆಕ್ಕಿನ ಪುಸ್ತಕ ಇನ್ನೂ ಅಪ್ಪನ ಟ್ರಂಕಿನಲ್ಲಿದೆ. "ಅಪ್ಪಾ, ಬ್ಯಾಂಕಿನ ವ್ಯವಹಾರ ನಾ ನೋಡ್ಕೋತೀನಿ" ಎಂದರೆ, "ನಾ ಇರೂತನಕ ನಿನಗ್ಯಾಕ ಆ ಚಿಂತಿ?" ಎಂಬ ಉತ್ತರ. ಇದು ಪ್ರೀತಿಯೂ ಹೌದು, ಭಯವೂ ಹೌದು. ನರ್ಸರಿಯ ತಂದೆಗೆ ಈ ವಿಷಯದಲ್ಲಿ ಉಪದೇಶವನ್ನು ನಾನು ಮಾಡಬೇಕಾಗಿಲ್ಲ, ಅವನ ಚೀಲಗಳೇ ಮಾಡುತ್ತವೆ. ಸಸಿಯನ್ನು ಸಕಾಲದಲ್ಲಿ ನೆಲಕ್ಕಿಳಿಸದೆ ಚೀಲದಲ್ಲಿಯೇ ಉಳಿಸಿಕೊಂಡರೆ ಬೇರುಗಳು ಒಳಗೇ ಸುರುಳಿ ಸುತ್ತಿಕೊಳ್ಳುತ್ತವೆ. ಮೇಲೆ ನೋಡಿದರೆ ಗಿಡ ಹಸುರಾಗಿಯೇ ಇರುತ್ತದೆ. ಆಮೇಲೆ ಎಂಥ ಫಲವತ್ತಾದ ಹೊಲಕ್ಕೆ ನೆಟ್ಟರೂ ಆ ಬೇರು ಬಿಚ್ಚಿಕೊಂಡು ಹರಡುವುದು ಕಷ್ಟ. ಹಾಗೆಂದು ನೆರಳಿನಲ್ಲಿ ಬೆಳೆದ ಸಸಿಯನ್ನು ಒಮ್ಮೆಲೇ ರಾಯಚೂರಿನ ಬಿಸಿಲಿಗೆ ಎಸೆದರೂ ಅದು ಸುಟ್ಟುಹೋಗುತ್ತದೆ. ದಿನಕ್ಕಷ್ಟು ಬಿಸಿಲು ತೋರಿಸಿ, ನೀರನ್ನು ಮೆಲ್ಲನೆ ಕಡಿಮೆ ಮಾಡಿ ಗಟ್ಟಿಗೊಳಿಸಬೇಕು. ಸಸಿಯ ವಿಷಯದಲ್ಲಿ ಇಷ್ಟನ್ನು ಬಲ್ಲ ಮನುಷ್ಯನು ಮಗನ ವಿಷಯದಲ್ಲಿ ಮಾತ್ರ ಮರೆಯುವುದು ಏಕೆಂದು ತತ್ವಶಾಸ್ತ್ರವು ನನಗೆ ಕಲಿಸಿಕೊಡಲಿಲ್ಲ.

ಮಕ್ಕಳ ಕಡೆಯಿಂದಲೂ ಒಂದು ತೊಡಕಿದೆ. ಇಂದು ಮೆಣಸಿನಕಾಯಿ ಅಗಿಯನ್ನು ಬಯಲಿನ ಮಡಿಯಲ್ಲಿ ಚೆಲ್ಲಿ ಬೆಳೆಸುವ ಪದ್ಧತಿ ಹಿಂದೆ ಸರಿಯುತ್ತಿದೆ. 98 ಗುಣಿಗಳ ಪ್ಲಾಸ್ಟಿಕ್ ತಟ್ಟೆ, ತೆಂಗಿನ ನಾರಿನ ಪುಡಿ, ಕೀಟ ನುಸುಳದಂಥ ಸಣ್ಣ ಕಣ್ಣಿನ ಪರದೆ, ಸುಮಾರು ನಲವತ್ತು ದಿನಗಳ ಲೆಕ್ಕ. ಎಳೆಯ ಅಗಿಗೆ ಬಿಳಿನೊಣದ ಮೂಲಕ ಮುಟುರು ರೋಗ ಅಂಟಿದರೆ ಹೊಲದಲ್ಲಿ ಎಷ್ಟು ಔಷಧಿ ಹೊಡೆದರೂ ಪ್ರಯೋಜನವಿಲ್ಲವೆಂಬುದು ಕಿರಿಯರಿಗೆ ಗೊತ್ತು. 2021ರಲ್ಲಿ ಹೊಸ ಜಾತಿಯ ಥ್ರಿಪ್ಸ್ ನುಸಿಯು ಆಂಧ್ರ, ತೆಲಂಗಾಣ, ಕರ್ನಾಟಕಗಳ ಮೆಣಸಿನಕಾಯಿ ಹೊಲಗಳ ಹೂವನ್ನೇ ಹಾಳುಮಾಡಿದ ಮೇಲಂತೂ ಹಳೆಯ ಪದ್ಧತಿಯನ್ನು ಸಮರ್ಥಿಸುವುದು ಹಿರಿಯರಿಗೂ ಕಷ್ಟವಾಗಿದೆ. ರಾಯಚೂರಿನಲ್ಲಿ 2008ರಿಂದ ಕೃಷಿ ವಿಶ್ವವಿದ್ಯಾಲಯವೇ ಇದೆ. ಕೇಳಿ ಕಲಿಯಲು ದೂರ ಹೋಗಬೇಕಾಗಿಲ್ಲ. ಆದುದರಿಂದ ಮಗನಿಗೆ ತಂದೆಯ ವಿದ್ಯೆಯೆಲ್ಲ ಹಳತಾಯಿತೆಂದು ತೋರುವುದು ಸಹಜ.

ಹಾಗೆ ತೋರುವುದು ಅರ್ಧ ಸತ್ಯ ಮಾತ್ರ. ಮಾವಿನ ಮೃದುಕಾಂಡ ಕಸಿಯ ವಿಧಾನವನ್ನು ಯಾವ ಕೈಪಿಡಿಯಲ್ಲಿಯಾದರೂ ಓದಬಹುದು: ಮೂರು ನಾಲ್ಕು ತಿಂಗಳ ಬಲಿತ ಚಿಗುರನ್ನು ತಾಯಿಮರದಲ್ಲಿ ಆರಿಸಿಕೊಳ್ಳಬೇಕು, ಎಂಟು ಹತ್ತು ದಿನ ಮೊದಲೇ ಅದರ ಎಲೆಗಳನ್ನು ತೊಟ್ಟು ಉಳಿಸಿ ಕತ್ತರಿಸಬೇಕು, ಕುಡಿಮೊಗ್ಗು ಉಬ್ಬಿದಾಗ ಕಡ್ಡಿಯನ್ನು ತೆಗೆದು, ಬೆಣೆಯಂತೆ ಕೊಯ್ದು, ಅಷ್ಟೇ ದಪ್ಪದ ಬೇರುಸಸಿಯ ಸೀಳಿನಲ್ಲಿ ಕೂರಿಸಿ ಪಟ್ಟಿ ಸುತ್ತಬೇಕು. ಓದಿ ಮಾಡಿದವನ ನೂರು ಕಸಿಗಳಲ್ಲಿ ಎಷ್ಟು ಹತ್ತುತ್ತವೆ, ನಲವತ್ತು ವರ್ಷ ಮಾಡಿದವನವು ಎಷ್ಟು ಹತ್ತುತ್ತವೆ ಎಂಬುದನ್ನು ಎಣಿಸಿ ನೋಡಿದರೆ ಕೈಪಿಡಿಯು ಹೇಳದೆ ಬಿಟ್ಟದ್ದು ಎಷ್ಟೆಂಬುದು ತಿಳಿಯುತ್ತದೆ. ಚೂರಿಯನ್ನು ಎಷ್ಟು ಒತ್ತಬೇಕು, ಯಾವ ಮೋಡದ ದಿನ ಕೈಹಚ್ಚಬೇಕು, ಯಾವ ಕಡ್ಡಿ ನೋಡಲು ಚೆಂದವಿದ್ದರೂ ಬೇಡ. ಮಾಡಬೇಕಾದುದನ್ನು ಮಾಡಿಯೇ ಕಲಿಯಬೇಕೆಂದು ಅರಿಸ್ಟಾಟಲನು ಎಂದೋ ಹೇಳಿದ್ದಾನೆ. ಮನುಷ್ಯನು ಬಲ್ಲದ್ದರಲ್ಲಿ ಬಹುಪಾಲು ಅವನ ಮಾತಿಗೆ ದಕ್ಕುವುದಿಲ್ಲವೆಂಬುದನ್ನು ಕಳೆದ ಶತಮಾನದಲ್ಲಿ ಮೈಕೇಲ್ ಪೊಲಾನ್ಯಿ ಎಂಬ ಚಿಂತಕನು ವಿಸ್ತರಿಸಿ ಬರೆದನು. ಈ ವಿದ್ಯೆಯನ್ನು ಉಯಿಲಿನಲ್ಲಿ ಬರೆದುಕೊಡಲು ಬಾರದು. ಪಕ್ಕದಲ್ಲಿ ಕುಳಿತು ಹಂಗಾಮು ಹಂಗಾಮು ಕಳೆದರೆ ಮಾತ್ರ ಅದು ಕೈಯಿಂದ ಕೈಗೆ ಇಳಿಯುತ್ತದೆ. ನಮ್ಮ ಕಲ್ಪನೆಯ ಮನೆಯಲ್ಲಿ ಹಾಗೆ ಕುಳಿತವಳು ಯಾರು? ಮಗಳು.

ಇಲ್ಲಿ ನನಗೆ ನೆನಪಾಗುವುದು ಇನ್ನೊಬ್ಬ ರೈತನ ಮನೆ. ಅಂದಿನ ಆಸ್ಟ್ರಿಯಾ ಸಾಮ್ರಾಜ್ಯಕ್ಕೆ ಸೇರಿದ್ದ, ಈಗ ಚೆಕ್ ಗಣರಾಜ್ಯದಲ್ಲಿರುವ ಒಂದು ಪುಟ್ಟ ಹಳ್ಳಿ. ಆಂಟನ್ ಮೆಂಡೆಲ್ ಎಂಬ ರೈತನಿಗೆ ಇಬ್ಬರು ಹೆಣ್ಣುಮಕ್ಕಳು, 1822ರಲ್ಲಿ ಹುಟ್ಟಿದ ಒಬ್ಬನೇ ಮಗ ಯೋಹಾನ್. ಹಣ್ಣಿನ ಮರಗಳಲ್ಲಿ ಆಂಟನನಿಗೆ ವಿಶೇಷ ಆಸಕ್ತಿ. ಆ ಧರ್ಮಕೇಂದ್ರದ ಗುರು ಯೋಹಾನ್ ಶ್ರೈಬರ್ ಎಂಬವರು ತಮ್ಮ ಭಕ್ತಾದಿಗಳಿಗೆ ಹಣ್ಣಿನ ಕೃಷಿಯನ್ನು ಕಲಿಸಿ ಉತ್ತಮ ಜಾತಿಗಳ ಕಸಿಕಡ್ಡಿಗಳನ್ನು ಹಂಚುತ್ತಿದ್ದರು. ಧರ್ಮಗುರುವಿಗೆ ಮಣ್ಣಿನ ಉಸಾಬರಿ ಏಕೆಂದು ಕೇಳುವವರಿಗೆ ನಾನು ಕೊಡುವ ಉತ್ತರ ಇವರ ಹೆಸರೇ. ತಂದೆಯ ತೋಟದಲ್ಲಿಯೇ ಕಸಿ ಕಟ್ಟುವುದನ್ನು ಕಲಿತ ಮಗನು ಓದಿನ ಹಂಬಲದಿಂದ ಊರು ಬಿಟ್ಟನು. 1838ರಲ್ಲಿ ಜಮೀನುದಾರನ ಬಿಟ್ಟಿ ಚಾಕರಿ ಮಾಡುತ್ತಿದ್ದಾಗ ಮರದ ದಿಮ್ಮಿಯೊಂದು ಬಿದ್ದು ತಂದೆಯ ಎದೆ ಜಜ್ಜಿಹೋಯಿತು. ದುಡಿಯುವ ಶಕ್ತಿ ಕುಂದಿದ ತಂದೆಗೆ ಇದ್ದ ಒಬ್ಬನೇ ಮಗ ಹಿಂದಿರುಗಿ ಬರಬೇಕೆಂಬ ಆಸೆ ಇರಲಿಲ್ಲವೇ? ಮಗ ಬರಲಿಲ್ಲ. 1841ರಲ್ಲಿ ತಂದೆಯು ಭೂಮಿಯನ್ನು ಹಿರಿಯ ಮಗಳು ವೆರೋನಿಕಾಳ ಗಂಡ ಅಲೋಯಿಸ್ ಸ್ಟುರ್ಮನಿಗೆ ಪತ್ರ ಮಾಡಿಕೊಟ್ಟನು. ಕಿರಿಯ ಮಗಳು ತೆರೇಸಿಯಾ ತನ್ನ ವರದಕ್ಷಿಣೆಗೆಂದು ಇಟ್ಟಿದ್ದ ಪಾಲಿನಿಂದ ಒಂದಂಶವನ್ನು ಅಣ್ಣನ ಓದಿಗೆ ಬಿಟ್ಟುಕೊಟ್ಟಳು. 1843ರಲ್ಲಿ ಅವನು ಬ್ರನೊ ನಗರದ ಸಂತ ಅಗಸ್ಟೀನರ ಮಠವನ್ನು ಸೇರಿ ಗ್ರೆಗೋರ್ ಎಂಬ ಹೆಸರನ್ನು ಪಡೆದನು.

ಮುಂದಿನದನ್ನು ಶಾಲೆಯ ಮಕ್ಕಳೂ ಬಲ್ಲರು. ಆದರೆ ಪಠ್ಯಪುಸ್ತಕವು ಹೇಳದ ಒಂದು ಸಂಗತಿಯನ್ನು ನರ್ಸರಿಯವರು ಮೆಚ್ಚಿಯಾರು. ಬಟಾಣಿಯ ಪ್ರಯೋಗಕ್ಕೆ ಕೈಹಾಕುವ ಮುನ್ನ ಮೆಂಡೆಲರು ಬೀಜ ವ್ಯಾಪಾರಿಗಳಿಂದ 34 ತಳಿಗಳನ್ನು ತರಿಸಿ, ಚೀಟಿಯಲ್ಲಿ ಬರೆದಂತೆಯೇ ಅವು ಇವೆಯೋ ಇಲ್ಲವೋ ಎಂದು ಎರಡು ವರ್ಷ ಬೆಳೆಸಿ ಪರೀಕ್ಷಿಸಿದರು. ಕೊನೆಗೆ 22ನ್ನು ಉಳಿಸಿಕೊಂಡರು. 1856ರಿಂದ 1863ರವರೆಗೆ ಸುಮಾರು 28,000 ಗಿಡಗಳನ್ನು ನೋಡಿ, ಎಣಿಸಿ, ಬರೆದಿಟ್ಟರು. 1865ರಲ್ಲಿ ಓದಿದ ಪ್ರಬಂಧ 1866ರಲ್ಲಿ ಅಚ್ಚಾಯಿತು. ತಂದೆ ತಾಯಿಯ ಗುಣಗಳು ಮಕ್ಕಳಿಗೆ ಹೇಗೆ ಇಳಿಯುತ್ತವೆಂಬ ನಿಯಮವನ್ನು ಲೋಕಕ್ಕೆ ತಿಳಿಸಿದವರು ತಂದೆಯ ಹೊಲವನ್ನು ಮಾತ್ರ ತಾವಾಗಿ ವಹಿಸಿಕೊಳ್ಳಲಿಲ್ಲ. ಅದಕ್ಕಾಗಿ ಅವರನ್ನು ದೂಷಿಸಲು ನಾನು ಸಿದ್ಧನಿಲ್ಲ. ತಂಗಿಯ ಋಣವನ್ನು ಅವರು ಮರೆಯಲಿಲ್ಲವೆಂಬುದೂ ದಾಖಲೆಯಲ್ಲಿದೆ: ತೆರೇಸಿಯಾಳ ಗಂಡುಮಕ್ಕಳ ವಿದ್ಯಾಭ್ಯಾಸಕ್ಕೆ ನೆರವಾದರು, ಅವರಲ್ಲಿ ಇಬ್ಬರು ವೈದ್ಯರಾದರು. ಊರು ಬಿಟ್ಟು ಹೋದ ಹಿರಿಯ ಮಗನು ಇದನ್ನು ಗಮನಿಸಬೇಕು. ಹೋಗುವುದು ತಪ್ಪಲ್ಲ. ಮನೆಯಲ್ಲಿ ಉಳಿದವರು ಬಿಟ್ಟುಕೊಟ್ಟದ್ದರಿಂದಲೇ ತಾನು ಹೋಗಲಾಯಿತೆಂಬುದನ್ನು ಮರೆತು, ತಂದೆ ತೀರಿಕೊಂಡ ವಾರಕ್ಕೆ ಅಳತೆಯ ಸರಪಳಿ ಹಿಡಿದು ಬರುವುದು ತಪ್ಪು.

1868ರಲ್ಲಿ ಮೆಂಡೆಲರು ಮಠಾಧಿಪತಿಯಾದರು. 1884ರ ಜನವರಿ 6ರಂದು ತೀರಿಕೊಂಡರು. ಅವರ ತರುವಾಯ ಕಾಗದಪತ್ರಗಳಲ್ಲಿ ಬಹುಪಾಲು ಸುಟ್ಟುಹೋದವು. 1900ರಲ್ಲಿ ಬೇರೆಯವರು ಅದೇ ನಿಯಮಗಳನ್ನು ಮತ್ತೆ ಕಂಡುಕೊಂಡಾಗ, ಅವರ ಮೂಲ ಟಿಪ್ಪಣಿಗಳನ್ನು ನೋಡಬೇಕೆಂದವರಿಗೆ ಸಿಕ್ಕಿದ್ದು ಅಲ್ಪಸ್ವಲ್ಪ. ಮಠದಲ್ಲಿಯೇ ಹೀಗಾದರೆ ಮನೆಯಲ್ಲಿ ಹೇಳುವುದೇನು? ಅಪ್ಪನ ಜೇಬಿನ ಸಣ್ಣ ಪುಸ್ತಕದಲ್ಲಿ ಯಾವ ತಾಯಿಮರ ಯಾವ ಜಾತಿಯದು, ಎಲ್ಲಿಂದ ತಂದದ್ದು, ಯಾವ ರೈತನಿಗೆ ಯಾವ ವರ್ಷ ಏನು ಕೊಟ್ಟದ್ದು ಎಂಬ ಲೆಕ್ಕವಿರುತ್ತದೆ. ಎಷ್ಟೋ ಕಡೆ ಅದೂ ಇಲ್ಲ, ಎಲ್ಲ ತಲೆಯಲ್ಲಿಯೇ. ಆ ತಲೆ ಮಣ್ಣಿಗೆ ಸೇರಿದ ಮೇಲೆ ಹಿತ್ತಲಿನ ಹದಿನೈದು ಮಾವಿನ ಮರಗಳು ಹೆಸರಿಲ್ಲದ ಹದಿನೈದು ಮರಗಳಷ್ಟೆ.

ಮಗಳ ವಿಷಯಕ್ಕೆ ಬರುತ್ತೇನೆ. ಫ್ರಾನ್ಸಿನ ವಿಲ್ಮೊರೆನ್ ಬೀಜದ ಸಂಸ್ಥೆಯು ಲೋಕಪ್ರಸಿದ್ಧವಾದುದು. 18ನೆಯ ಶತಮಾನದಲ್ಲಿ ಆಂಡ್ರಿಯೋ ಎಂಬವರ ಅಂಗಡಿಯಾಗಿದ್ದ ಅದು ಅವರ ಮಗಳನ್ನು ಮದುವೆಯಾದ ವಿಲ್ಮೊರೆನ್ ಮನೆತನಕ್ಕೆ ಸೇರಿ ಹಲವು ತಲೆಮಾರು ನಡೆಯಿತು. ಅಳಿಯನ ಹೆಸರು ಉಳಿಯಿತು, ದಾರಿ ಮಾಡಿದವಳು ಮಗಳು. ನಮ್ಮಲ್ಲಿ ಮಗಳೆಂದರೆ ಕೊಟ್ಟ ಹೆಣ್ಣು, ಕುಲದ ಹೊರಗಿನವಳು ಎಂಬ ಭಾವನೆ ಬೇರುಬಿಟ್ಟಿದೆ. ಕ್ರೈಸ್ತರ ಮನೆಗಳೂ ಇದಕ್ಕೆ ಹೊರತಲ್ಲ. ನಮಗೆ ಅನ್ವಯಿಸುವ ಕಾನೂನು ಹಾಗೆ ಹೇಳುವುದಿಲ್ಲವೆಂಬುದು ಬಹಳ ಮಂದಿಗೆ ತಿಳಿದೇ ಇಲ್ಲ. 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದ ಪ್ರಕಾರ, ಕ್ರೈಸ್ತನೊಬ್ಬನು ಉಯಿಲು ಬರೆಯದೆ ತೀರಿಕೊಂಡರೆ ಅವನ ಆಸ್ತಿಯಲ್ಲಿ ಮೂರನೆಯ ಒಂದು ಪಾಲು ವಿಧವೆಗೆ. ಉಳಿದ ಮೂರನೆಯ ಎರಡು ಪಾಲು ಮಕ್ಕಳಿಗೆ ಸಮನಾಗಿ. ಗಂಡು ಹೆಣ್ಣು ಎಂಬ ಭೇದವಿಲ್ಲ. ಮದುವೆಯಾದವಳು, ಆಗದವಳು ಎಂಬ ಭೇದವೂ ಇಲ್ಲ. ತಿರುವಾಂಕೂರಿನ ಕ್ರೈಸ್ತರಲ್ಲಿ ಬೇರೆ ಕಾಯಿದೆಯ ಹೆಸರಿನಲ್ಲಿ ಹೆಣ್ಣುಮಕ್ಕಳಿಗೆ ಅಲ್ಪ ಪಾಲನ್ನು ಕೊಡುತ್ತಿದ್ದುದನ್ನು ಮೇರಿ ರಾಯ್ ಎಂಬ ಮಹಿಳೆಯು ಪ್ರಶ್ನಿಸಿದರು. 1986ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅವರ ಪರವಾಗಿ ತೀರ್ಪಿತ್ತು, ಅಲ್ಲಿಗೂ ಇದೇ ಅಧಿನಿಯಮ ಅನ್ವಯವೆಂದಿತು. ಹಿಂದೂ ಕುಟುಂಬಗಳಲ್ಲಿ 2005ರ ತಿದ್ದುಪಡಿಯ ನಂತರ ಮಗಳೂ ಮಗನಂತೆ ಹುಟ್ಟಿನಿಂದಲೇ ಪಾಲುದಾರಳು. ನಮ್ಮ ಕಾನೂನಿನಲ್ಲಿ ಹುಟ್ಟಿನಿಂದ ಬರುವ ಹಕ್ಕು ಯಾರಿಗೂ ಇಲ್ಲ. ತಂದೆಯು ತನ್ನ ಆಸ್ತಿಯನ್ನು ಉಯಿಲಿನ ಮೂಲಕ ತನಗೆ ಬೇಕಾದವರಿಗೆ ಕೊಡಬಹುದು.

ಈಗ ಆ 36 ಗುಂಟೆಗೆ ಲೆಕ್ಕ ಹಾಕಿ ನೋಡಿ. ಉಯಿಲಿಲ್ಲದಿದ್ದರೆ ತಾಯಿಗೆ 12 ಗುಂಟೆ, ಮೂವರು ಮಕ್ಕಳಿಗೆ ತಲಾ 8. ಕಾನೂನು ನ್ಯಾಯವಾಗಿಯೇ ಹಂಚಿತು. ನರ್ಸರಿ ಉಳಿಯಿತೆಂದು ಹೇಳಲಾಗದು. ಚೀಲದಲ್ಲಿರುವ ಸಸಿಗಳನ್ನು ಎಣಿಸಿ ಹಂಚಿಕೊಳ್ಳಬಹುದು. ಬೇರೂರಿದ ತಾಯಿಮರವಾದರೋ ಯಾರ ಪಾಲಿನ ನೆಲದಲ್ಲಿ ನಿಂತಿದೆಯೋ ಅವರದೇ. ಹಣ್ಣಿನ ಮರಗಳೆಲ್ಲ ಹಿರಿಯನ ಎಂಟು ಗುಂಟೆಯಲ್ಲಿ, ಕೊಳವೆಬಾವಿ ತಾಯಿಯ ಭಾಗದಲ್ಲಿ, ರಸ್ತೆಯ ಬಾಗಿಲು ಕಿರಿಯನಿಗೆ, ಕಸಿಯ ಚೂರಿ ಮಗಳ ಕೈಯಲ್ಲಿ ಎಂದಾದರೆ ನಾಲ್ವರ ಬಳಿಯೂ ನರ್ಸರಿಯಿಲ್ಲ. ಹಿರಿಯನು ತನ್ನ ಪಾಲನ್ನು ಮಾರಲು ಹೊರಟರೆ ಕೊಳ್ಳುವವನು ಮೊದಲು ಕಡಿಸುವುದು ಆ ಮರಗಳನ್ನೇ.

ಆದ್ದರಿಂದ ತಂದೆ ತಾಯಿಗಳು ಬದುಕಿರುವಾಗಲೇ, ಬುದ್ಧಿ ಸ್ಥಿಮಿತದಲ್ಲಿರುವಾಗಲೇ, ಮಕ್ಕಳನ್ನೆಲ್ಲ ಕೂರಿಸಿಕೊಂಡು ಮಾತನಾಡಬೇಕು. ನರ್ಸರಿಯು ಒಂದಾಗಿಯೇ ಉಳಿದು ಅದನ್ನು ನಡೆಸಬಲ್ಲವರ ಕೈ ಸೇರಲಿ. ಉಳಿದವರಿಗೆ ಇಷ್ಟು ವರ್ಷ, ಇಷ್ಟು ಹಣ ಎಂಬ ಒಪ್ಪಂದವಾಗಲಿ. ಆ ಹಣ ಸಸಿಗಳು ಮಾರಾಟವಾಗುವ ಜೂನ್–ಆಗಸ್ಟಿನ ನಂತರ ಸಲ್ಲುವಂತಿರಲಿ. ಬೇಸಿಗೆಯಲ್ಲಿ ನರ್ಸರಿಯವನ ಬಳಿ ಇರುವುದು ಖರ್ಚು ಮಾತ್ರ. ತಾಯಿಯ ಹೆಸರನ್ನು ಕೊನೆಯಲ್ಲಿ ಬರೆಯುವ ರೂಢಿ ನಮ್ಮಲ್ಲಿದೆ. ಮೊದಲು ಬರೆಯಿರಿ.

ಮತ್ತೊಂದು ವರ್ಗವನ್ನು ಎಲ್ಲ ಉಯಿಲುಗಳೂ ಮರೆಯುತ್ತವೆ. ಅರಿಸ್ಟಾಟಲನ ಶಿಷ್ಯ ಥಿಯೋಫ್ರಾಸ್ಟಸನು ಸಸ್ಯಗಳ ಕುರಿತು ದೊಡ್ಡ ಗ್ರಂಥಗಳನ್ನು ಬರೆದವನು. ಅಥೆನ್ಸಿನಲ್ಲಿ ಅವನಿಗೊಂದು ತೋಟವಿತ್ತು. ಅವನ ಉಯಿಲನ್ನು ಡಯೋಜಿನಿಸ್ ಲೇರ್ಷಿಯಸ್ ಎಂಬ ಚರಿತ್ರಕಾರನು ಉಳಿಸಿಕೊಟ್ಟಿದ್ದಾನೆ. ತೋಟವನ್ನು ಯಾರೂ ಮಾರದೆ, ಯಾರೂ ತನ್ನದೆನ್ನದೆ, ತನ್ನ ಗೆಳೆಯರು ಒಟ್ಟಾಗಿ ಅನುಭವಿಸಬೇಕೆಂದು ಬರೆದ ಅವನು, ಅಲ್ಲಿ ದುಡಿಯುತ್ತಿದ್ದ ಮಾನೆಸ್ ಮತ್ತು ಕಲ್ಲಿಯಾಸ್ ಎಂಬ ಇಬ್ಬರು ದಾಸರ ಹೆಸರನ್ನೂ ಬರೆದನು: ನಾಲ್ಕು ವರ್ಷ ತೋಟದಲ್ಲಿ ದೋಷವಿಲ್ಲದೆ ದುಡಿದ ಮೇಲೆ ಅವರು ಸ್ವತಂತ್ರರು. ದಾಸ್ಯದ ಕಾಲದ ಆ ಷರತ್ತನ್ನು ಇಂದು ಹೊಗಳಲಾಗದು. ಆದರೂ ಅವರ ಹೆಸರುಗಳು ಅಲ್ಲಿವೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಮಸಾರಿ ಮಣ್ಣು, ಉಸುಕು, ತಿಪ್ಪೆಗೊಬ್ಬರಗಳನ್ನು ಕಲಸಿ ಚೀಲ ತುಂಬುವ, ಇಪ್ಪತ್ತು ವರ್ಷ ನಿಮ್ಮಲ್ಲಿಯೇ ದುಡಿದ ಆ ತಾಯಂದಿರ ಹೆಸರು ನಿಮ್ಮ ಯಾವ ಕಾಗದದಲ್ಲಿದೆ? ಕೆಲಸ ನಿಂತ ದಿನ ಅವರ ಮನೆಯವರಿಗೆ ಗುಳೆ ಹೋಗುವುದೊಂದೇ ದಾರಿ.

ಉಯಿಲಿಗೆ ಸಂಬಂಧಿಸಿ ಒಂದೆರಡು ಮಾತುಗಳನ್ನು ಹೇಳಿಬಿಡುತ್ತೇನೆ. ಅದಕ್ಕೆ ಇಬ್ಬರು ಸಾಕ್ಷಿಗಳ ರುಜು ಬೇಕು. ಉಯಿಲಿನಲ್ಲಿ ಪಾಲು ಪಡೆಯುವವನಾಗಲಿ, ಅವನ ಹೆಂಡತಿಯಾಗಲಿ ಸಾಕ್ಷಿಯಾಗಿ ರುಜು ಹಾಕಿದರೆ ಅವನಿಗೆ ಬರೆದ ಪಾಲು ಬಿದ್ದುಹೋಗುತ್ತದೆ. ಮಗಳು ಮತ್ತು ಅವಳ ಗಂಡನಿಗೂ ಇದೇ ನಿಯಮ. ಹತ್ತಿರದವರೆಂದು ಮಗನಿಂದಲೋ ಅಳಿಯನಿಂದಲೋ ರುಜು ಹಾಕಿಸಬಾರದು. ಭೂಮಿಯ ವಿವರದ ಜೊತೆಗೆ ತಾಯಿಮರಗಳ ಪಟ್ಟಿಯನ್ನೂ ಲಗತ್ತಿಸುವುದು ಒಳ್ಳೆಯದು. ಆಸ್ತಿಯನ್ನು ಹಂಚಿಕೊಡುವಂತೆ ಅಣ್ಣನಿಗೆ ಹೇಳಬೇಕೆಂದು ಒಬ್ಬನು ಬಂದು ಕೇಳಿದಾಗ ಯೇಸುಸ್ವಾಮಿಯು ಆ ಪಂಚಾಯಿತಿಯನ್ನು ಒಪ್ಪಿಕೊಳ್ಳಲಿಲ್ಲವೆಂದು ಸಂತ ಲೂಕನು ಬರೆದಿದ್ದಾನೆ. ನಾನೂ ಒಪ್ಪಿಕೊಳ್ಳುವುದಿಲ್ಲ. ಆದರೆ ಧರ್ಮಗುರುವಿಗೆ ಯಾರ ನರ್ಸರಿಯಲ್ಲಿಯೂ ಪಾಲಿಲ್ಲವಾದ್ದರಿಂದ ಸಾಕ್ಷಿ ಹಾಕಲು ಅಡ್ಡಿಯಿಲ್ಲ. ಮನೆಯವರೆಲ್ಲ ಮಾತನಾಡಿ ಮುಗಿಸಿ, ವಕೀಲರಿಂದ ಬರೆಸಿಕೊಂಡು, ಭಾನುವಾರದ ಬಲಿಪೂಜೆಯ ನಂತರ ಗುರುಗಳ ಮನೆಗೆ ಬಂದರೆ ರುಜು ಹಾಕಿಕೊಡುತ್ತೇನೆ. ಎರಡನೆಯ ಸಾಕ್ಷಿಯನ್ನು ನೀವೇ ಕರೆತನ್ನಿ.